ಹಗ್ಗದ ಕೊನೆಯಲ್ಲಿ ಇಸ್ತ್ರಿ ಅಕ್ಕ

ಮೊನ್ನೆ ಮಗಳ ಹೊಸ ಜೀನ್ಸಿಗೆ ಇಸ್ತ್ರಿ ಪೆಟ್ಟಿಗೆ ಒತ್ತಿದಾಗ ಬಿಸಿ ಆವಿಯ ಜೊತೆ ಆ ನೀಲಿ ಬಣ್ಣದ ವಾಸನೆ ಎದ್ದಿತು. ಬಳ್ಳಾರಿಯಲ್ಲಿ ನಾವು ಜೀನ್ಸ್ ಹೊಲಿಯುತ್ತಿದ್ದ ಶೆಡ್ಡು, ಅದರ ಮೂಲೆಯಲ್ಲಿ ನಿಂತಿರುತ್ತಿದ್ದ ಇಸ್ತ್ರಿ ಅಕ್ಕ... ಕೈ ಅಲ್ಲೇ ನಿಂತುಬಿಟ್ಟಿತು.

ನಾವು ಹೊಲಿದದ್ದನ್ನೆಲ್ಲ ಇಸ್ತ್ರಿ ಮಾಡುತ್ತಿದ್ದವಳು ಅವಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ನಮ್ಮ ಹಗ್ಗಜಗ್ಗಾಟದ ಟೀಮು ಕಟ್ಟಿದವಳೂ ಅವಳೇ. ಟೀಮು ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ. ದಿನವಿಡೀ ಮಿಷನ್ ಮುಂದೆ ಕೂತು ಬೆನ್ನು ಹಿಡಿದುಕೊಂಡ ಹೆಂಗಸರು. ಮೊದಲ ವರ್ಷ ಕುರುಗೋಡಿನ ಜಾತ್ರೆ ಮೈದಾನದಲ್ಲಿ ಸಿರುಗುಪ್ಪದ ರೈಸ್ ಮಿಲ್ಲಿನ ಹೆಂಗಸರೆದುರು ನಿಂತೆವು. ಎಳೆಯುವಾಗ ನೆರಿಗೆ ಕಾಲಿಗೆ ಸಿಕ್ಕಿತು, ಸೆರಗು ಜಾರಿತು. ಎಲ್ಲರೂ ಹಗ್ಗ ಬಿಟ್ಟು ಸೆರಗು ಹಿಡಿದೆವು! ಮೈದಾನಕ್ಕೆ ಮೈದಾನವೇ ನಕ್ಕಿತು. ಇನ್ನು ಈ ಆಟದ ಸಹವಾಸವೇ ಬೇಡ ಎಂದು ನಾನು ಮನೆಗೆ ಹೋಗಿ ಅತ್ತಿದ್ದೆ.

ಅಕ್ಕ ಬಿಡಬೇಕಲ್ಲ. ಮರುವರ್ಷ ಓನರನ್ನು ಕೇಳಿ ರಿಜೆಕ್ಟ್ ಆದ ಪ್ಯಾಂಟುಗಳ ಗಂಟು ತಂದು ನಮ್ಮೆದುರು ಸುರಿದಳು. ಒಂದಕ್ಕೆ ಜೇಬಿಲ್ಲ, ಇನ್ನೊಂದಕ್ಕೆ ಒಂದು ಕಾಲು ಉದ್ದ.

“ಊರಿಗೆಲ್ಲ ಪ್ಯಾಂಟ್ ಹೊಲಿದು ಕೊಡ್ತೀವಿ, ನಾವು ಹಾಕ್ಕೊಂಡ್ರ ಏನಾಗ್ತೈತ್ರೇ?”

ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬಳೂ ಪ್ಯಾಂಟು ಹಾಕಿದವಳಲ್ಲ.

ಅವನ್ನೇ ತೊಟ್ಟು, ಮೇಲೆ ಗಂಡಂದಿರ ಹಳೇ ಶರ್ಟು ಹಾಕಿಕೊಂಡು ಮೈದಾನಕ್ಕಿಳಿದಾಗ ಜನ ಮೊದಲಿಗಿಂತ ಜೋರಾಗಿ ನಕ್ಕರು, ಸಿಳ್ಳೆ ಹೊಡೆದರು. ನಾನು ತಿರುತಿರುಗಿ ಅವರನ್ನೇ ನೋಡುತ್ತಿದ್ದೆ. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡ ಅಕ್ಕ ನನ್ನ ಬೆನ್ನ ಹಿಂದೆಯೇ ಇದ್ದಳು.

“ಅವರ ಕಡೆ ನೋಡಬ್ಯಾಡಲೇ, ನಾ ಇಲ್ಲೇ ಅದೀನಿ,” ಅಂದಳು.

ಸೀಟಿ ಊದಿದರು. ಈ ಸಲವೂ ಎದುರಿಗಿದ್ದವರು, ಮೂಟೆ ಹೊತ್ತು ಗಟ್ಟಿಯಾದ ಅದೇ ಮಿಲ್ಲಿನ ಹೆಂಗಸರು, ನಮ್ಮನ್ನು ಗೆರೆಯ ತನಕ ಎಳೆದೇಬಿಟ್ಟರು. ಅಕ್ಕ ಹಿಮ್ಮಡಿ ಊರಿ ಹಿಂದಕ್ಕೆ ವಾಲಿದಳು... ಯಾರೂ ಹಗ್ಗ ಬಿಡಲಿಲ್ಲ. ಇಂಚಿಂಚಾಗಿ ಅವರೇ ನಮ್ಮ ಕಡೆ ಬಂದರು. ಗೆದ್ದೆವು! ಅಕ್ಕ ಮಣ್ಣಲ್ಲಿ ಕಾಲು ಚಾಚಿ ಕೂತು ಜನರತ್ತ ಕೂಗಿದಳು: “ಈಗ ನಗ್ರಿ, ನೋಡೋಣು!”

ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿದರು. ಸೋತ ಹೆಂಗಸರೇ ಬಂದು ನಮ್ಮ ಪ್ಯಾಂಟು ಮುಟ್ಟಿ ನೋಡಿ, “ನಮಗೂ ಹೊಲಿದು ಕೊಡ್ತೀರೇನ್ರಿ?” ಎಂದು ಕೇಳಿದರು. ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಟೀಮು ಮಾತ್ರ ನಿಂತಿಲ್ಲ. ಈ ಸಲ ಹಗ್ಗದ ಕೊನೆಗೆ ನನ್ನನ್ನು ನಿಲ್ಲಿಸಿದರು. ಸೀಟಿಗೆ ಮುಂಚೆ, ರೂಢಿಯಂತೆ, ಹಿಂತಿರುಗಿ ನೋಡಿದೆ... ನನ್ನ ಹಿಂದೆ ಯಾರೂ ಇರಲಿಲ್ಲ. ಕಣ್ಣೊರೆಸಿಕೊಂಡು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡೆ.