ಎಡಗಡೆಯ ಬಾಗಿಲು

ನಮ್ಮ ಮನೆಯ ಮುಂದೆ ನಿಂತಿರುವ ಬೂದುಬಣ್ಣದ ಹಳೆಯ ಕಾರಿನ ಎಡಗಡೆಯ ಮುಂಬಾಗಿಲು ಒಳಗಿನಿಂದ ತೆರೆದುಕೊಳ್ಳುವುದಿಲ್ಲ ಎಂಬುದು ನಮ್ಮ ಬಂಧುಬಳಗಕ್ಕೆಲ್ಲ ಗೊತ್ತಿರುವ ಸಂಗತಿ. ಕಾರು ನನಗೆ ಬಂದದ್ದು ಚಿಂತಾಮಣಿಯ ಸೋದರಮಾವನಿಂದ. ಮಕ್ಕಳಿಲ್ಲದ ಅವರು ಕಣ್ಣು ಮುಚ್ಚುವ ಮೊದಲೇ ಗಾಡಿ ನನಗೆ ಸೇರಬೇಕೆಂದು ಹೇಳಿಟ್ಟಿದ್ದರು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಮಾವ ಊರಿನಲ್ಲಿ ಹೆಸರುವಾಸಿಯಾದದ್ದು ಬೀಜದಿಂದಲೂ ಅಲ್ಲ, ಗೊಬ್ಬರದಿಂದಲೂ ಅಲ್ಲ, ಈ ಬಾಗಿಲಿನಿಂದ. ಎಲ್ಲಿಗೇ ಹೋಗಲಿ, ಗಾಡಿ ನಿಲ್ಲಿಸಿ, ತಾವು ಇಳಿದು, ಮುಂದುಗಡೆಯಿಂದ ಸುತ್ತಿ ಬಂದು, ಅತ್ತೆಗೆ ಬಾಗಿಲು ತೆಗೆದು ನಿಲ್ಲುವರು. ಅಲ್ಲಿಯವರೆಗೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಇಳಿಯುವರು. ಮದುವೆಯ ಛತ್ರದ ಮುಂದೆ ಇದನ್ನು ಕಂಡ ಹೆಂಗಸರು ತಂತಮ್ಮ ಗಂಡಂದಿರ ಕಡೆ ತಿರುಗಿ, ‘ನೋಡಿ ಕಲ್ತ್ಕೊಳ್ಳಿ’ ಎನ್ನುತ್ತಿದ್ದರಂತೆ. ಒಳಗಿನ ಹಿಡಿ ಕೆಟ್ಟಿತ್ತು, ರಿಪೇರಿಗೆ ದುಡ್ಡು ಬಿಚ್ಚಲು ಮಾವನಿಗೆ ಮನಸ್ಸು ಬರಲಿಲ್ಲ ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು. ಜಿಪುಣತನವೂ ದೂರದಿಂದ ನೋಡಿದರೆ ಪ್ರೀತಿಯ ಹಾಗೆ ಕಾಣುತ್ತದೆ.

ಹಳೆಯ ಕಾರೊಂದು ನಿಮ್ಮ ಪಾಲಿಗೆ ಬಂದರೆ ಕಾರಿನ ಜೊತೆಗೆ ಸಲಹೆಗಾರರೂ ಬರುತ್ತಾರೆ ಎಂಬುದು ನಿಮಗೂ ತಿಳಿದಿರಲಿ. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ನನ್ನನ್ನು ಕಂಡವರೆಲ್ಲ ‘ಸ್ವಲ್ಪ ಮಾಡ್ಸಿದ್ರೆ ಗಾಡಿ ಹೊಸದೇ ಆಗೋಗುತ್ತೆ’ ಎನ್ನುವವರೇ. ಈ ‘ಸ್ವಲ್ಪ’ ಎಷ್ಟು ಎಂದು ಯಾರೂ ಹೇಳರು. ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ, ಶಿಡ್ಲಘಟ್ಟದಿಂದ ಬರುವ ಮೇಷ್ಟ್ರೊಬ್ಬರು ತಮ್ಮ ಕಾರಿಗೆ ಎಷ್ಟು ದೀಪ ಹಾಕಿಸಿದ್ದಾರೆಂದರೆ, ಅವರು ಹಾದುಹೋಗುವ ದಾರಿಗೆ ಬೀದಿದೀಪದ ಅಗತ್ಯವೇ ಇಲ್ಲ. ನನಗೂ ಹಾಗೆಯೇ ಮಾಡಿಸಬೇಕೆಂದು ಅವರ ಒತ್ತಾಯ. ಭಾನುವಾರ ಬೆಳಗಾಗುವ ಮೊದಲೇ ನಂದಿಗೂ ಸ್ಕಂದಗಿರಿಗೂ ಏರುವ ಗಾಡಿಗಳನ್ನು ನೀವು ಕೇಳಿರುತ್ತೀರಿ, ನೋಡುವುದಂತೂ ಆಮೇಲಿನ ಮಾತು. ಅವುಗಳಿಗೆ ಹಾಕಿಸಿರುವ ವಸ್ತುವಿನ ಹೆಸರು ಸೈಲೆನ್ಸರ್. ಹೆಸರಿಗೂ ಕೆಲಸಕ್ಕೂ ಇಷ್ಟೊಂದು ದ್ವೇಷ ಬೇರೆಲ್ಲೂ ಕಾಣೆ. ಹಳೆಯ ಗುಡಿಯ ಕಲ್ಲುಗೋಡೆಗೆ ಬಚ್ಚಲಿನ ಟೈಲ್ಸ್ ಅಂಟಿಸಿ ಅದನ್ನು ಜೀರ್ಣೋದ್ಧಾರ ಎನ್ನುವ ಕಾಲವಿದು. ಕಾರಿನ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ: ಜೀರ್ಣವಾಗುವುದು ನಮ್ಮ ದುಡ್ಡು, ಉದ್ಧಾರವಾಗುವುದು ಗ್ಯಾರೇಜು.

ಎಲ್ಲರಿಗಿಂತ ದೊಡ್ಡ ಸಲಹೆಗಾರರು ನಮ್ಮ ಯಜಮಾನರು. ಗಾಡಿ ನನ್ನದು, ಸ್ಟೀರಿಂಗು ಅವರದು, ಖರ್ಚು ಮತ್ತೆ ನನ್ನದು ಎಂದು ನಮ್ಮಲ್ಲಿ ಮಾತಿಲ್ಲದೆಯೇ ಒಪ್ಪಂದವಾಗಿತ್ತು. ‘ಅಲಾಯ್ ವೀಲ್ ಹಾಕ್ಸು ಕಣೇ, ಗತ್ತೇ ಬೇರೆ’ ಎಂದು ಕುರ್ಚಿಯಿಂದ ಏಳದೆ ಅಪ್ಪಣೆ ಕೊಡಿಸುವರು. ಮನೆ ತಲುಪಿದೊಡನೆ ತಾವು ಇಳಿದು ಒಳಗೆ ಹೋಗಿ ಕಾಫಿಗೆ ಕೂಗುವರು. ನಾನು ಗಾಜು ಇಳಿಸಿ, ಕೈ ಹೊರಗೆ ಹಾಕಿ, ಬಾಗಿಲು ತೆಗೆದುಕೊಂಡು ಹೋಗಿ ಕಾಫಿ ಮಾಡುವೆನು.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಖರ್ಚು ಆ ಬಾಗಿಲಿನದೇ ಆಗಬೇಕಿತ್ತು. ಆಮೇಲೆ ಬ್ರೇಕು, ಟಯರು, ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಕಣ್ಣಿನ ಪರೀಕ್ಷೆಗೆಂದು ಚಿಂತಾಮಣಿಯಿಂದ ಅತ್ತೆ ಬಂದರು. ವಿಷಯ ಕೇಳಿದ್ದೇ ಅವರ ಮುಖ ಬಿಗಿದುಕೊಂಡಿತು.

‘ಏನಾದ್ರೂ ಮಾಡ್ಸ್ಕೋಮ್ಮಾ, ಆ ಬಾಗ್ಲು ಮಾತ್ರ ಮುಟ್ಟಿಸ್ಬೇಡ.’

‘ನಾಳೆ ಏನಾದ್ರೂ ಆದ್ರೆ ಒಳಗೇ ಸಿಕ್ಕಾಕೊಳ್ಳಲ್ವಾ ಅತ್ತೆ?’

‘ಅದನ್ನ ಮುಟ್ಟಿಸಿದ್ರೆ ನಾನು ಇನ್ನು ಆ ಗಾಡಿ ಹತ್ತಲ್ಲ, ನೋಡ್ಕೋ.’

ಮಾವನ ನೆನಪು ಎಂದುಕೊಂಡೆ. ಸತ್ತವರ ಚಪ್ಪಲಿಯನ್ನು ಎತ್ತಿಡುವವರಿದ್ದಾರೆ, ಕೆಟ್ಟ ಬಾಗಿಲನ್ನು ಉಳಿಸಿಕೊಳ್ಳಬಾರದೇಕೆ? ಆದರೂ ಅತ್ತೆಯ ನೆನಪಿಗಾಗಿ ನಾನು ಗಾಡಿಯೊಳಗೆ ಸಿಕ್ಕಿಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ನನ್ನ ಹಟಕ್ಕಾಗಿ ಅತ್ತೆ ಗಾಡಿ ಹತ್ತದೆ ಹೋಗುವುದೂ ಇಷ್ಟವಿರಲಿಲ್ಲ. ಒಟ್ಟಿನಲ್ಲಿ ಪರೀಕ್ಷೆ ಮಾಡಿ ಹೇಳಿ, ಮಿಕ್ಕದ್ದು ಆಮೇಲೆ ಎಂದು ಗೌರಿಬಿದನೂರು ರಸ್ತೆಯ ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಬಂದೆ.

ಗ್ಯಾರೇಜಿನ ಬಸವರಾಜ ಹುಬ್ಬಳ್ಳಿ ಕಡೆಯವನು. ಇಲ್ಲಿಗೆ ಬಂದು ನೆಲೆಸಿ ಬಹಳ ದಿನವಾಗಿಲ್ಲ. ಮಾರನೆಯ ದಿನ ಅವನು ಫೋನು ಮಾಡಿದಾಗ ನಾನು ಶಾಲೆಯಲ್ಲಿದ್ದೆ, ಫೋನು ಮನೆಯಲ್ಲಿತ್ತು. ಅತ್ತೆ ಎತ್ತಿಕೊಂಡಿದ್ದಾರೆ. ಅವನು ಟಯರು, ಬ್ರೇಕು, ಅಲಾಯ್ ವೀಲು, ಹಾಡು ಹೇಳುವ ಹಾರನ್ನು, ಬಾಗಿಲು ಎಂದು ಒಂದೊಂದಾಗಿ ಹೇಳುತ್ತಾ ಹೋಗಿದ್ದಾನೆ. ಬಾಗಿಲಿನ ಮಾತು ಬಂದದ್ದೇ ಅತ್ತೆ ಗಾಬರಿಯಾಗಿ, ಮನೆಮಾತಾದ ತೆಲುಗಿನಲ್ಲಿ, ‘ಚಾಲು, ಚಾಲು, ಚಾಲಪ್ಪಾ!’ ಎಂದು ಕೂಗಿದ್ದಾರೆ. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಬಸವರಾಜನ ಊರಿನಲ್ಲಿ ಚಾಲೂ ಎಂದರೆ ಶುರು. ಸಾಕು ಎಂದದ್ದು ಶುರು ಎಂದು ಕೇಳಿಸುವ ನಾಡಿನಲ್ಲಿ ಖರ್ಚಿಗೆ ಕಡಿವಾಣ ಎಲ್ಲಿಂದ ಬಂದೀತು, ನೀವೇ ಹೇಳಿ.

ಸಂಜೆ ಅತ್ತೆಯನ್ನು ಕರೆದುಕೊಂಡು ಆಟೋದಲ್ಲಿ ಹೋಗಿ ನೋಡುತ್ತೇನೆ, ಎರಡು ಚಕ್ರ ಬೆಳ್ಳಗೆ ಹೊಳೆಯುತ್ತಿವೆ, ಎರಡು ಹಳೆಯವೇ ಇವೆ, ಹಾರನ್ನು ಹಾಡುತ್ತಿದೆ. ‘ಅಮ್ಮಾರು ಚಾಲೂ ಅಂದ್ರು, ನಾ ಚಾಲೂ ಮಾಡಿದ್ನ್ರಿ’ ಎಂದ ಬಸವರಾಜ. ತಲೆ ಚಚ್ಚಿಕೊಂಡು, ಬ್ರೇಕು ಟಯರು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಲು ಹೇಳಿದೆ. ಬಾಗಿಲು ಏನಾಯಿತು ಎಂದು ಹೆದರುತ್ತಲೇ ಕೇಳಿದೆ.

‘ಅದಕ್ಕ ಏನೂ ಆಗಿಲ್ರಿ ಮೇಡಂ. ಒಳಗಿಂದ ಎಳೆದ್ನ್ರಿ, ಪಟ್ ಅಂತ ತೆಗೀತು. ಯಾರೋ ಭಾಳ ಹಿಂದನ ಹೊಸಾ ಹಿಡಿಕಿ ಹಾಕ್ಯಾರ.’

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ರಸ್ತೆಯ ಕಡೆ ನೋಡುತ್ತಿದ್ದರು.

ಮನೆಗೆ ಮರಳುವಾಗ ಆಟೋದಲ್ಲಿ, ನಾನು ಕೇಳದೆಯೇ, ಅವರೇ ಹೇಳಿದರು: ‘ನಂಗೆ ಗೊತ್ತಿತ್ತು ಕಣೇ. ಶಿಡ್ಲಘಟ್ಟದಲ್ಲಿ ಗಾಡಿ ಸರ್ವೀಸಿಗೆ ಬಿಟ್ಟಿದ್ದಾಗ ಗ್ಯಾರೇಜಿನವ್ರೇ ಹೊಸ ಹಿಡಿ ಹಾಕ್ಬಿಟ್ಟಿದ್ರು. ಕಾಸಿಗೂ ಲೆಕ್ಕ ಇಡೋ ನಿಮ್ಮಾವ ಅವತ್ತು ಬಿಲ್ ಕೂಡಾ ನೋಡ್ಲಿಲ್ಲ, ಯಾರ ಜೊತೆಗೋ ಮಾತಾಡ್ತಾ ದುಡ್ಡು ಕೊಟ್ಟು ಬಂದ್ರು. ನಾನು ಕೂತಿದ್ದೋಳು ಸುಮ್ನೆ ಎಳೆದೆ, ತೆಗೀತು. ಹಂಗೇ ಮುಚ್ಚಿಬಿಟ್ಟೆ.’

‘ಯಾಕತ್ತೆ?’

‘ಮನೇಲಿ ಒಂದು ಲೋಟ ನೀರಿಗೂ ಕೂತಲ್ಲಿಂದ ಕೂಗೋರಮ್ಮಾ. ನನಗೋಸ್ಕರ ಎದ್ದು ಬರ್ತಿದ್ದಿದ್ದು ಅದೊಂದಕ್ಕೇ.’

ನನಗೆ ನಗು ಬಂತು. ವರ್ಷಗಟ್ಟಲೆ, ತಾನೇ ತೆಗೆಯಬಹುದಾದ ಬಾಗಿಲಿನ ಪಕ್ಕದಲ್ಲಿ ಕೈಕಟ್ಟಿ ಕೂತ ಹೆಂಗಸನ್ನು ಊರೆಲ್ಲ ಪುಣ್ಯವಂತೆ ಎಂದಿತು. ಅವರನ್ನು ಮರುಕದಿಂದ ನೋಡಬೇಕೋ, ಜಾಣೆ ಎಂದು ಕೈಮುಗಿಯಬೇಕೋ ನನಗೆ ಇಂದಿಗೂ ತಿಳಿಯದು. ಜನ ಚಕ್ರಕ್ಕೆ, ಹಾರನ್ನಿಗೆ, ದೀಪಕ್ಕೆ ಸುರಿಯುತ್ತಾರೆ. ಗಾಡಿ ಬದಲಾಗುತ್ತದೆ, ಓಡಿಸುವವರು ಹಾಗೆಯೇ ಇರುತ್ತಾರೆ. ಅತ್ತೆ ಮಾತ್ರ ಕಾಸು ಖರ್ಚಿಲ್ಲದೆ ಓಡಿಸುವವರನ್ನೇ ಒಂದಿಷ್ಟು ಬದಲಿಸಿಕೊಂಡಿದ್ದರು.

ಗಾಡಿ ಬಂದ ಮೇಲೆ ಅತ್ತೆಯನ್ನು ಚಿಂತಾಮಣಿಗೆ ಬಿಟ್ಟು ಬರಲು ಹೊರಟೆವು. ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿದೆ. ಅವರ ಮನೆ ಮುಂದೆ ನಾನೇ ಹಿಂದಿನಿಂದ ಇಳಿದು ಬಾಗಿಲು ತೆಗೆದೆ. ಅತ್ತೆ ಸೆರಗು ಸರಿಮಾಡಿಕೊಂಡು ಇಳಿದರು, ನನ್ನ ಕೆನ್ನೆ ತಟ್ಟಿದರು.

ವಾಪಸು ಬರುವಾಗ ನಾನು ಮುಂದೆ ಕೂತೆ. ನಮ್ಮ ಮನೆ ಬಂತು. ಯಜಮಾನರು ಇಳಿದು ಎರಡು ಹೆಜ್ಜೆ ಹೋದವರು ನಾನು ಬರಲಿಲ್ಲವೆಂದು ತಿರುಗಿ ನೋಡಿದರು.

‘ಬಾಗ್ಲು ಸರಿಹೋಗ್ಲಿಲ್ಲ ರೀ’ ಎಂದೆ. ‘ಈಗ ಗಾಜೂ ಇಳೀತಿಲ್ಲ.’

‘ಎಷ್ಟಾಗುತ್ತಂತೆ ಸರಿಮಾಡಕ್ಕೆ?’

‘ತುಂಬಾ ಆಗುತ್ತಂತೆ.’

ಅವರು ಗೊಣಗುತ್ತಾ ಗಾಡಿಯ ಮುಂದುಗಡೆಯಿಂದ ಸುತ್ತಿ ಬರತೊಡಗಿದರು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.