ಓಡಬೇಡಿರಿ, ಉರುಳಿರಿ

ಬಿಸಿಯಾದ ಧೂಳಿಗೆ ಒಂದು ವಾಸನೆ ಇದೆ. ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಮುಂಚೆ ಯಾರೋ ಹಳೆಯ ಪ್ರೊಜೆಕ್ಟರ್ ಹಚ್ಚಿದಾಗ ಅದು ಮೂಗಿಗೆ ಬಡಿಯಿತು. ಅದರ ಹಿಂದೆಯೇ, ಆ ಸಭಾಂಗಣದಲ್ಲಿ ಇರಲು ಸಾಧ್ಯವೇ ಇಲ್ಲದ ಕುರಿಕಂಬಳಿಯ ವಾಸನೆಯೂ ಬಂತು. ನೆನಪನ್ನು ಸಾಕ್ಷಿ ಎಂದು ನಾನು ಒಪ್ಪುವವಳಲ್ಲ. ಎದುರಾಳಿ 'ನನಗೆ ಚೆನ್ನಾಗಿ ನೆನಪಿದೆ' ಎಂದು ಶುರುಮಾಡಿದರೆ ಅಲ್ಲೇ ಹಿಡಿಯುತ್ತೇನೆ. ಆದರೂ ಆ ಎರಡು ವಾಸನೆ ಕೂಡಿದರೆ ಅದು ಹೊಳಲ್ಕೆರೆಯ ನಮ್ಮ ಶಾಲೆಯ ಒಂದು ಮಧ್ಯಾಹ್ನ, ಬೇರೇನೂ ಅಲ್ಲ. ನಿಮಗೂ ಅಂಥದ್ದೊಂದು ಮಧ್ಯಾಹ್ನ ಇದ್ದೀತು. ಸರ್ಕಾರದ ಜೀಪು ಬಂದು ನಿಂತದ್ದು, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ತರಗತಿಯನ್ನು ಕತ್ತಲು ಮಾಡಿದ್ದು, ರೀಲು ಕಟಕಟ ತಿರುಗಿ ಗೋಡೆಯ ಬಿಳಿ ಪಂಚೆಯ ಮೇಲೆ ಯಾವುದೋ ಊರಿನ ಜನ ಕೈ ತೊಳೆಯುವುದನ್ನೋ ರಸ್ತೆ ದಾಟುವುದನ್ನೋ ನಮಗೆ ಕಲಿಸಿದ್ದು.

ಆ ದಿನ ಮನೆಯ ಹೆಂಗಸರನ್ನೂ ಕರೆತರಬೇಕೆಂದು ಮೇಷ್ಟ್ರು ಹೇಳಿದ್ದರು. ಪುಕ್ಕಟೆ ಸಿನಿಮಾ ಎಂದು ಅಜ್ಜಿ ಪೆಟ್ಟಿಗೆಯ ಸೀರೆ ತೆಗೆದು ಉಟ್ಟು, ಹಣೆಗೆ ವಿಭೂತಿ ಹಚ್ಚಿ ಹೊರಟಳು. ರೀಲು ಏರಿಸುತ್ತಿದ್ದವನನ್ನು ಕೇಳಿದಳು: "ಯಾವ ದೇವ್ರ ಪಿಚ್ಚರ್ರಪ್ಪ?"

"ದೇವ್ರದ್ದಲ್ಲಜ್ಜಿ, ಬೆಂಕಿದು. ಮುಂದೆ ಬಂದು ಕುಂತ್ಕಳ್ರಿ."

"ಹಂಗಾರೆ ಕೆಂಡ ಹಾಯೋದಿರ್ಬೇಕು," ಎಂದು ಅಜ್ಜಿ ನನ್ನ ಕಿವಿಯಲ್ಲಿ ಹೇಳಿ ಮುಂದಿನ ಸಾಲಿನಲ್ಲಿ ಕೂತಳು.

ಚಿತ್ರ ಕಪ್ಪುಬಿಳುಪಿನದು, ನಡುನಡುವೆ ಮಳೆ ಸುರಿದಂತೆ ಗೀರುಗಳು. ಹೆಂಗಸೊಬ್ಬಳು ಒಲೆಯ ಮುಂದೆ ಕೂತಿದ್ದಳು. ಅವಳ ಸೆರಗು ಹೊತ್ತಿಕೊಂಡಿತು. ಆಗ ಎಲ್ಲಿಂದಲೋ ಗಂಡಸೊಬ್ಬನ ದನಿ, ನಮ್ಮೂರಲ್ಲಿ ಯಾರೂ ಆಡದ ಕನ್ನಡದಲ್ಲಿ, ಒಂದಿಷ್ಟೂ ಗಾಬರಿಯಿಲ್ಲದೆ ಹೇಳಿತು: "ಉಡುಪಿಗೆ ಬೆಂಕಿ ತಗುಲಿದಲ್ಲಿ ಓಡಬೇಡಿರಿ. ನೆಲದ ಮೇಲೆ ಮಲಗಿ ಉರುಳಿರಿ." ಆ ಹೆಂಗಸು ಮಲಗಿದಳು, ಉರುಳಿದಳು. ಅಜ್ಜಿ ಕತ್ತಲಲ್ಲೇ ಕೈ ಮುಗಿದಳು.

ಜಗಳ ಶುರುವಾದದ್ದು ಮನೆಗೆ ಬಂದ ಮೇಲೆ. ಸಂತೆಮೈದಾನದ ಹಿಂದಿನ ಬಾಡಿಗೆ ಮನೆ ಅದು. ಉದ್ದ ಪಡಸಾಲೆ, ಒಂದು ತುದಿಗೆ ಅಡುಗೆಮನೆ, ಇನ್ನೊಂದು ತುದಿಗೆ ಅಜ್ಜಿಯ ಗೋಣಿತಟ್ಟು. ಆ ತಟ್ಟಿನ ಮೇಲಿಂದ ಅಜ್ಜಿ ತೀರ್ಪು ಕೊಟ್ಟಳು: ಚಿತ್ರದಲ್ಲಿ ತೋರಿಸಿದ್ದು ಉರುಳು ಸೇವೆ. ದೇವಸ್ಥಾನದ ಸುತ್ತ ಹರಕೆ ಹೊತ್ತವರು ಉರುಳುತ್ತಾರಲ್ಲ, ಅದೇ. ಬೆಂಕಿ ಬಿದ್ದರೆ ದೇವರಿಗೆ ಉರುಳಬೇಕು, ಸರ್ಕಾರವೇ ಹೇಳಿದೆ. ನಾಲ್ಕನೆಯ ಕ್ಲಾಸಿನ ನಾನು ಬಿಡುತ್ತೇನೆಯೇ? ದೇವರಿಗಲ್ಲ, ಗಾಳಿ ಸಿಗದೆ ಬೆಂಕಿ ಆರಲಿ ಎಂದು ಉರುಳುವುದು ಎಂದೆ. "ಅವ್ಳು ಬಲಕ್ಕೇ ಉರುಳಿದ್ಲು, ನೀ ನೋಡ್ಲಿಲ್ವಾ?" ಎಂದಳು ಅಜ್ಜಿ. ಹರಕೆಯಾದರೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಉರುಳಬೇಕಿತ್ತಲ್ಲ ಎಂದು ನಾನು ಕೇಳಿದೆ. ಗೆದ್ದೆ ಎಂದುಕೊಂಡೆ. ಅಜ್ಜಿ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಅದ್ಕೇ ಕಣೇ ಹಿಂದಿನೋರು ಒದ್ದೆ ಸೀರೆ ಅಂದಿರೋದು. ಒದ್ದೆ ಸೀರೆಗೆ ಬೆಂಕಿ ಹೆಂಗೆ ಹತ್ತತೈತೆ?" ಎಂದಳು. ನಮ್ಮಿಬ್ಬರ ವಾದ ಆ ಚಳಿಗಾಲವೆಲ್ಲ ನಡೆಯಿತು. ದಿನವೂ, ರೊಟ್ಟಿ ತಟ್ಟುವ ಸದ್ದಿನ ಆಚೆಯಿಂದ ಚಿಕ್ಕಮ್ಮ, ನಮ್ಮ ಚಿಕ್ಕಪ್ಪನ ಹೆಂಡತಿ, "ಇಬ್ರೂ ಬಾಯಿ ಮುಚ್ಕಂಡು ಉಣ್ಣಾಕ್ ಬರ್ರಿ," ಎಂದು ಕೂಗುವವರೆಗೆ.

ಬೇಸಿಗೆ ಹತ್ತಿರವಾದಾಗ ಒಂದು ಬೆಳಿಗ್ಗೆ ಚಿಕ್ಕಮ್ಮ ಪಂಪ್ ಸ್ಟವ್‌ಗೆ ಗಾಳಿ ಹಾಕುತ್ತಿದ್ದಳು. ಉರಿ ಭಗ್ಗೆಂದು ಎದ್ದು ಅವಳ ನೈಲಾನ್ ಸೆರಗನ್ನು ಹಿಡಿಯಿತು. ನಾನು ಟೀಗೆ ಕಾಯುತ್ತ ಹೊಸ್ತಿಲಲ್ಲಿ ಕೂತಿದ್ದೆ. ನನ್ನನ್ನು ದಾಟಿಕೊಂಡು ಅವಳು ಬೀದಿಬಾಗಿಲ ಕಡೆಗೆ ಓಡಿದಳು. ಬಾಗಿಲು ಮುಟ್ಟುವ ಮೊದಲು, ಯಾರೋ ಹೆಸರು ಹಿಡಿದು ಕರೆದಂತೆ ನಿಂತಳು. ಪಡಸಾಲೆಯ ಕಲ್ಲಿನ ಮೇಲೆ ಬಿದ್ದು ಉರುಳಿದಳು. ಅಜ್ಜಿ ಬಚ್ಚಲಲ್ಲಿ ನೆನೆಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿ ತಂದು ಅವಳ ಮೇಲೆ ಹಾಕಿ, ತಾನೂ ಬಿದ್ದಳು. ಚಿಕ್ಕಮ್ಮನ ಎಡಗೈ ಮತ್ತು ಸೊಂಟದ ಒಂದು ಪಕ್ಕ ಸುಟ್ಟಿತ್ತು. ಜೀವ ಉಳಿದಿತ್ತು. ಸ್ಟವ್‌ನಿಂದ ಸೊಸೆ ಸುಟ್ಟುಕೊಂಡಳೆಂದರೆ ಆಗ ಎಲ್ಲರ ಕಣ್ಣೂ ಮೊದಲು ಅತ್ತೆಯ ಮೇಲೆ ಹೋಗುತ್ತಿತ್ತು. ನೋಡಲು ಬಂದ ಪಕ್ಕದ ಮನೆಯಾಕೆ ದನಿ ಇಳಿಸಿ, "ಅತ್ತೆ ಎಲ್ಲಿದ್ರು ಆವಾಗ?" ಎಂದಳು. ಚಿಕ್ಕಮ್ಮ ಆಸ್ಪತ್ರೆಯ ಮಂಚದಿಂದಲೇ, "ನನ್ ಮೇಲೇ ಇದ್ರು ಕಣ್ರಿ, ಉಸ್ರು ಕಟ್ಟಂಗೆ," ಎಂದಳು.

ಅಂದಿನಿಂದ ಅಜ್ಜಿಯ ಪ್ರಕಾರ ಸೊಸೆಯನ್ನು ಉಳಿಸಿದ್ದು ಉರುಳು ಸೇವೆ, ನನ್ನ ಪ್ರಕಾರ ಆ ಚಿತ್ರ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಜ್ಜಿ ತೀರಿಕೊಂಡಳು, ಸೋಲನ್ನು ಒಪ್ಪದೆಯೇ. ಆಮೇಲೆ ಮನೆಯ ಮಾಲೀಕರು ಅದನ್ನು ಕೆಡವಿ ಅಂಗಡಿಸಾಲು ಕಟ್ಟಿಸಿದರು. ಪಡಸಾಲೆ ಇದ್ದಲ್ಲಿ ಈಗ ಮೊಬೈಲ್ ರಿಪೇರಿಯವನಿದ್ದಾನೆ. ಜೀಪು ಮತ್ತೆ ಬರಲಿಲ್ಲ. ಆ ಗಾಬರಿಯಿಲ್ಲದ ದನಿಯನ್ನು ಮತ್ತೆಲ್ಲೂ ಕೇಳಲಿಲ್ಲ.

ಪ್ರೊಜೆಕ್ಟರ್ ಹಚ್ಚಿದ ವಾರದ ಕೊನೆಗೆ ಹೊಳಲ್ಕೆರೆಗೆ ಹೋದೆ. ಚಿಕ್ಕಮ್ಮ ಬೇರೆ ಮನೆಯ ಗ್ಯಾಸ್ ಒಲೆಯ ಮುಂದೆ ನಿಂತಿದ್ದಳು. ಎಡಗೈಯ ಚರ್ಮ ಇನ್ನೂ ಮುದುರಿದ ಕಾಗದದಂತೆ ಇತ್ತು. ಆ ಗಳಿಗೆಯಲ್ಲಿ ನಿನಗೆ ನೆನಪಾದದ್ದು ದೇವರೋ ಸಿನಿಮಾವೋ ಎಂದು ನೇರವಾಗಿ ಕೇಳಿದೆ.

"ಯಾವ ಸಿನಿಮಾನೇ? ನಾನೆಲ್ಲಿ ಬಂದಿದ್ದೆ? ಆವತ್ತು ನಿಮ್ಗೆ ರೊಟ್ಟಿ ತಟ್ತಾ ಮನೇಲೇ ಇದ್ನಲ್ಲ."

ನನ್ನ ನೆನಪಿನ ತರಗತಿಯಲ್ಲಿ ಚಿಕ್ಕಮ್ಮ ನನ್ನ ಎಡಕ್ಕೆ ಕೂತಿದ್ದಾಳೆ. ಈಗಲೂ.

"ಹಂಗಾರೆ ದೇವ್ರೇ?"

"ಅಯ್ಯೋ, ಸುಡೋವಾಗ ಯಾವ ದೇವ್ರು ನೆಪ್ಪಾಗ್ತಾನೆ. ನೀವಿಬ್ರು ಕಣೇ. ದಿನಾ ಬೆಳಿಗ್ಗೆ ಸಂಜೆ ಅದೇ ಜಗಳ, ಉರುಳೋದು ದೇವ್ರಿಗೆ, ಅಲ್ಲ ಬೆಂಕಿಗೆ. ಕೇಳಿ ಕೇಳಿ ನನ್ ತಲೆ ಚಿಟ್ಟು ಹಿಡಿದಿತ್ತು. ಬಾಗ್ಲತ್ರ ಹೋದಾಗ ನಿಮ್ ಜಗಳಾನೇ ಕೇಳಿಸ್ತು. ಯಾರಿಗಾದ್ರೂ ಆಗ್ಲಿ, ಉರುಳೋದಂತೂ ಹೌದಲ್ಲ ಅಂತ ಬಿದ್ದೆ."

ಒಲೆಯ ಉರಿ ಸಣ್ಣ ಮಾಡಿ, ಇಲ್ಲದ ಎಲೆ ಅಡಿಕೆಯನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಸರಿಸಿ, ಚಿಕ್ಕಮ್ಮ ಅಜ್ಜಿಯ ದನಿಯಲ್ಲೇ ಹೇಳಿದಳು: "ಎಲ್ಡೂ ಒಂದೇ ಕಣೇ."

"ಒಂದೇ ಅಲ್ಲಜ್ಜಿ," ಎಂದೆ, ಅಭ್ಯಾಸದಂತೆ.

ಆಮೇಲೆ ಇಬ್ಬರೂ ಬಾಗಿಲ ಕಡೆ ತಿರುಗಿದೆವು, ಈಗ ಮಾತಾಡುವ ಸರದಿ ಅಜ್ಜಿಯದು ಎಂಬಂತೆ.