ಎಸ್ಟೆಸ್ ಪಾರ್ಕಿನ ದಾರಿ ಹೇಳಿದವನು ನಾನೇ

ಕುರಿ ಕಾಯುವವರು ಬೆಳಗ್ಗೆ ಎಂಟೂವರೆಗೆ ರಾಯದುರ್ಗದ ಬೀದಿಯಲ್ಲಿ ಕಾಣಿಸುವುದಿಲ್ಲ. ಆ ಹೊತ್ತಿಗೆ ಹಟ್ಟಿಯಿಂದ ಮಂದೆ ಹೊರಡಿಸುವ ಗಡಿಬಿಡಿಯಲ್ಲಿರುತ್ತಾರೆ. ಹಾಗಾಗಿ ಕಳೆದ ಶುಕ್ರವಾರ ಗುಮ್ಮಘಟ್ಟದ ತಿಪ್ಪೇಸ್ವಾಮಿ ನಮ್ಮ ಮನೆಯ ಗೇಟಿನ ಹೊರಗೆ ಮೊಬೈಲ್ ಹಿಡಿದು ನಿಂತಿದ್ದನ್ನು ಕಂಡಾಗಲೇ ಏನೋ ಆಗಿದೆ ಎಂದು ಗೊತ್ತಾಯಿತು.

"ಸಾರ್, ನಮ್ಮಾಕಿ ಫೋನ್ ಎತ್ತಾಕ ಹತ್ತಿಲ್ರಿ," ಎಂದ.

(ಏಳನೇ ಕ್ಲಾಸಿನವರೆಗೆ ನನ್ನ ಪಕ್ಕ ಕೂತವನು. ನಾನು ವಿಶ್ವವಿದ್ಯಾಲಯ ಸೇರಿದ ಮೇಲೆ ಯಾಕೋ ಸಾರ್ ಎನ್ನತೊಡಗಿದ. ಬೇಡವೆಂದರೂ ಬಿಟ್ಟಿಲ್ಲ.)

ಅವನ ಹೆಂಡತಿ ಗಂಗಮ್ಮ ನಮ್ಮೂರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಸ್ಯಾಂಪಲ್ ಟೈಲರ್. ಅಂದರೆ, ಸಗಟು ಕೊಳ್ಳುವ ಬೈಯರ್‌ಗೆ ತೋರಿಸುವ ಮೊಟ್ಟಮೊದಲ ಪ್ಯಾಂಟ್ ಹೊಲಿಯುವವಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಎಂಟು ವರ್ಷ ದುಡಿದು ಊರಿಗೆ ಮರಳಿದವಳು. ಅವಳ ಹೊಲಿಗೆ ಮೆಚ್ಚಿಕೊಂಡ ಡೆನ್ವರಿನ ಬೈಯರ್ ಒಬ್ಬ ಮೂರು ವಾರದ ಕೆಲಸಕ್ಕೆ ಅವಳನ್ನು ಅಮೆರಿಕಕ್ಕೇ ಕರೆಸಿಕೊಂಡಿದ್ದ. ಜೊತೆಗೆ ಹೋದವನು ಯೂನಿಟ್ಟಿನ ಸುಧಾಕರ. ಮಡಕಶಿರಾ ಕಡೆಯವನು. ಇಂಗ್ಲಿಷು, ಕಾರು ಎರಡನ್ನೂ ಓಡಿಸಬಲ್ಲ. ಗಂಗಮ್ಮನನ್ನು ಅಕ್ಕ ಎನ್ನುತ್ತಾನೆ.

ಕ್ರಿಸ್‌ಮಸ್ಸಿಗೆಂದು ಬೈಯರ್‌ನ ಆಫೀಸು ನಾಲ್ಕು ದಿನ ಮುಚ್ಚಿತು. ಗೊತ್ತಿಲ್ಲದ ದೇಶದ ಹೋಟೆಲ್ ರೂಮಿನಲ್ಲಿ ನಾಲ್ಕು ದಿನ ಏನು ಮಾಡುವುದು? ಗಂಗಮ್ಮ ತನ್ನ ಪರ್ಸಿನಲ್ಲಿ ಮಡಿಸಿಟ್ಟುಕೊಂಡಿದ್ದ ಪೇಪರ್ ಕಟಿಂಗ್ ತೆಗೆದಳಂತೆ.

ಅದು ಈ ಅಂಕಣ.

ನಿಮಗೆ ನೆನಪಿರಬಹುದು. ಈ ವರ್ಷವೆಲ್ಲ ನಾನು ಸೀಸನ್ನಿಗೆ ತಕ್ಕಂತೆ ಅಮೆರಿಕದ ರಜಾ ತಾಣಗಳ ಬಗ್ಗೆ ಬರೆದೆ. ಬೇಸಿಗೆಗೆ ಮೇನ್ ರಾಜ್ಯದ ಕಡಲೂರುಗಳು. ಎಲೆ ಕೆಂಪಾಗುವ ಕಾಲಕ್ಕೆ ವರ್ಮಾಂಟ್. ಚಳಿಗಾಲದಲ್ಲೂ ಬೆಚ್ಚಗಿರಬೇಕು ಎನ್ನುವವರಿಗೆ ಸ್ಯಾನ್ ಆಂಟೋನಿಯೋದ ಹೊಳೆದಂಡೆಯ ದೀಪಗಳು. ಹಿಮವೇ ಬೇಕು ಎನ್ನುವವರಿಗೆ ಕೊಲರಾಡೋದಲ್ಲಿ, ಡೆನ್ವರ್ ಬಳಿಯ ಬೆಟ್ಟದೂರು ಎಸ್ಟೆಸ್ ಪಾರ್ಕ್. ಬರೆಯಲು ಹಚ್ಚಿದವಳೂ ಗಂಗಮ್ಮನೇ. "ನಾವು ಹೊಲಿದ ಪ್ಯಾಂಟ್ ಹಾಕ್ಕೊಂಡು ಅವ್ರು ರಜಾಕ್ಕ ಎಲ್ಲಿಗೆ ಹೋಗ್ತಾರ್ರಿ ಸಾರ್?" ಎಂದು ಒಮ್ಮೆ ಕೇಳಿದ್ದಳು. ಹದಿನಾರು ವರ್ಷದ ಹಿಂದೆ ಓದಿನ ನೆಪದಲ್ಲಿ ಎರಡು ತಿಂಗಳು ಅಲ್ಲಿ ಸುತ್ತಿ ಬಂದವನು ನಾನು. ಬಾಯಿ ಸುಮ್ಮನಿರುತ್ತದೆಯೇ?

ಕೆಲವು ಊರುಗಳ ಬಗ್ಗೆ ಓದಿ ಬರೆದೆ. ಎಸ್ಟೆಸ್ ಪಾರ್ಕ್ ಮಾತ್ರ ಕಣ್ಣಾರೆ ಕಂಡದ್ದು. ಅದಕ್ಕೇ ಜೋರಾಗಿ ಬರೆದಿದ್ದೆ: "ಡಿಸೆಂಬರಿನಲ್ಲಿ ಹೋಗಿ. ಅಂಗಡಿ ತುಂಬ ಕ್ರಿಸ್‌ಮಸ್ ದೀಪ. ನಡುಬೀದಿಯಲ್ಲಿ ಎಲ್ಕ್‌ಗಳು (ನಮ್ಮ ಕಡವೆಗಿಂತ ದೊಡ್ಡ ಜಾತಿ). ಗಂಡು ಎಲ್ಕ್ ಶಿಳ್ಳೆ ಹಾಕಿದಂತೆ ಕೂಗುವುದನ್ನು ಕೇಳಿ. ಅಲ್ಲಿಂದ ಬೆಟ್ಟ ಹತ್ತಿ ಇಳಿದರೆ ಗ್ರ್ಯಾಂಡ್ ಲೇಕ್ ಎಂಬ ಸರೋವರದ ಊರು. ಒಂದೂವರೆ ತಾಸಿನ ದಾರಿ. ಬಿಡಬೇಡಿ."

"ನೀವು ಬರದಿದ್ದ ದಾರಿಗೇ ಹೋಗ್ಯಾಳ್ರಿ," ಎಂದ ತಿಪ್ಪೇಸ್ವಾಮಿ. "ಅಲ್ಲಿ ದೀಪ ಹಚ್ಚೋ ಹೊತ್ತಿಗೆ ಫೋನ್ ಮಾಡ್ತೀನಿ ಅಂದಿದ್ಲು. ಅಂದ್ರ ನಮ್ಗ ಮುಂಜಾನಿ ಐದೂವರಿ. ಈಗ ಎಂಟೂವರಿ ಆತು. ಆ ಸುಧಾಕರಂದೂ ಸ್ವಿಚ್ ಆಫ್."

"ಬೆಟ್ಟದಾಗ ಸಿಗ್ನಲ್ ಇರಾಂಗಿಲ್ಲಪ್ಪ. ಬಾ, ಒಳಗ ಕೂಡು."

ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತ. ಬಿಸಿಲು ಆಗಲೇ ಚುರುಕಾಗಿತ್ತು. ಅಲ್ಲಿ ರಾತ್ರಿ ಎಂಟು ಗಂಟೆ ಎಂಬುದನ್ನು ಆ ಬಿಸಿಲಿನಲ್ಲಿ ನಿಂತು ನಂಬುವುದು ಕಷ್ಟ.

ನಾನು ಫೋನಿನಲ್ಲಿ ಆ ಊರಿನ ಹವಾಮಾನ ನೋಡಿದೆ. ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಹಿಮ ಬೀಳುತ್ತಿದೆ. ಆಮೇಲೆ ಆ ಬೆಟ್ಟದ ರಸ್ತೆಯ ಹೆಸರು ಹಾಕಿ ಹುಡುಕಿದೆ. ಮೊದಲ ಸಾಲೇ ಸಾಕಾಯಿತು: ಚಳಿಗಾಲದುದ್ದಕ್ಕೂ ರಸ್ತೆ ಬಂದ್. ಪ್ರತಿವರ್ಷವೂ.

ಪ್ರತಿವರ್ಷವೂ! ಹಾಗಾದರೆ ಡಿಸೆಂಬರಿನಲ್ಲಿ ನಾನು ಆ ಬೆಟ್ಟ ದಾಟಿದ್ದು ಹೇಗೆ?

"ಏನ್ ಐತ್ರಿ ಅದ್ರಾಗ?"

"ನೆಟ್ ಬರಾಕ ಹತ್ತಿಲ್ಲ," ಎಂದೆ.

ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಭಯವಾಯಿತು.

ತಿಪ್ಪೇಸ್ವಾಮಿ ತನ್ನ ಪಾಡಿಗೆ ಮಾತಾಡುತ್ತಿದ್ದ. ಭಯವಾದಾಗ ಅವನು ಮಾತಾಡುತ್ತಾನೆ. "ಜೀನ್ಸ್ ಜಾಕೀಟ್ ಹಾಕ್ಕೊಂಡು ಹೋಗ್ಯಾಳ. ಆಕೀನ ಹೊಲಿದಿದ್ದು. ಒಳಗ ಉಣ್ಣೆ ಐತಿ, ಬೆಚ್ಚಗಿರ್ತೈತಿ ಅಂತಾಳ. ನಾ ಮುಟ್ಟಿ ನೋಡೀನ್ರಿ, ಉಣ್ಣೆ ಅಲ್ಲ ಅದು, ಪ್ಲಾಸ್ಟಿಕ್ಕು. ಕಂಬಳಿ ಒಯ್ಯೇ ಅಂದೆ. ವಿಮಾನದಾಗ ಕುರಿ ನಾತ ಬರ್ತೈತಿ ಅಂದ್ಲು. ಕುರಿ ಕಾಯಾವನ ಹೇಂತಿ, ಕುರಿ ನಾತಕ್ಕ ಹೇಸಿದ್ಲು ನೋಡ್ರಿ!"

ನಗಲು ನೋಡಿದ. ಆಗಲಿಲ್ಲ.

ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದ. "ಸಾರ್, ಆ ದಾರಿ ನೀವು ನೋಡೀರಲ್ಲ. ಹೆಂಗೈತಿ ಹೇಳ್ರಿ. ಎರಡೂ ಕಡೆ ಏನಿತ್ತು?"

"ಗುಡ್ಡ. ಗಿಡ. ಹಳದಿ ಎಲೆ."

"ಎಲಿ ಇದ್ವು?"

"ಹೂಂ."

"ಹುಲ್ಲು?"

ಕಣ್ಣು ಮುಚ್ಚಿ ನೋಡಿದೆ. ಹುಲ್ಲಿತ್ತು. ಒಣಗಿದ, ಕೆಂಪಗಿನ ಹುಲ್ಲು, ಗಾಳಿಗೆ ಮಲಗಿ ಏಳುತ್ತಿತ್ತು. "ಇತ್ತು," ಎಂದೆ.

"ಹಿಮದಾಗ ಹುಲ್ಲು ಹೆಂಗ ಕಾಣ್ತೈತ್ರಿ?"

ಅವನೇ ಮುಂದುವರಿಸಿದ. "ನೀವು ಬರದಿದ್ರಲ್ಲ, ಗಂಡು ಕಡವಿ ಶಿಳ್ಳಿ ಹಾಕಿದಾಂಗ ಕೂಗ್ತೈತಿ ಅಂತ. ಗಂಗಿ ಓದಿ ಹೇಳಿದ್ಲು. ಅವತ್ತ ನನಗ ಅನುಮಾನ ಬಂತು. ಓದಿದವ್ರು ಬರದಾರ, ಇರ್ಬೇಕು ಬಿಡು ಅಂತ ಸುಮ್ನಾದೆ. ಅದು ಹೆಣ್ಣಿಗೆ ಕೂಗೋದ್ರಿ ಸಾರ್. ಮದಕ್ಕ ಬಂದ ಕೂಗು. ನಮ್ಮ ಟಗರೂ ಹಂಗ. ಹೊಟ್ಟಿ ತುಂಬ ಮೇದು ಮೈ ತುಂಬಿಕೊಂಡಾಗ ಮದಕ್ಕ ಬರ್ತಾವ. ನೆಲ ಹಿಮದಾಗ ಮುಚ್ಚಿ, ತಿನ್ನಾಕ ಇಲ್ದಾಗ ಯಾವ ಪ್ರಾಣಿ ಹೆಣ್ಣಿಗೆ ಕೂಗ್ತೈತಿ? ನೀವು ಹೋಗಿದ್ದು ಯಾವ ತಿಂಗ್ಳು?"

ಡಿಸೆಂಬರ್ ಎನ್ನಲು ಬಾಯಿ ತೆರೆದೆ. "ತಡಿ," ಎಂದೆ.

ಒಳಗೆ ಹೋಗಿ ಬೀರುವಿನ ತಳದಿಂದ ಹಳೆಯ ಪಾಸ್‌ಪೋರ್ಟ್ ಹುಡುಕಿ ತೆಗೆದೆ. ಹೋದ ಮುದ್ರೆ ಸೆಪ್ಟೆಂಬರಿನದು. ವಾಪಸ್ ಬಂದ ಮುದ್ರೆ ನವೆಂಬರಿನದು. ಅಂದರೆ ಡಿಸೆಂಬರಿನಲ್ಲಿ ನಾನು ಅಮೆರಿಕದಲ್ಲಿ ಇರಲೇ ಇಲ್ಲ. ಒಂದು ದಿನವೂ!

ಹಾಗಾದರೆ ಆ ಕ್ರಿಸ್‌ಮಸ್ ದೀಪಗಳು? ಬಣ್ಣದ ಗಾಜಿನ ಗೋಲಿಗಳು, ಹತ್ತಿಯ ಗಡ್ಡದ ಮುದುಕ? ಬೀರುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಯೋಚಿಸಿದೆ. ನಿಧಾನವಾಗಿ ಹೊಳೆಯಿತು. ಅದೊಂದು ಅಂಗಡಿ. ಪ್ರವಾಸಿಗರಿಗಾಗಿ ವರ್ಷವಿಡೀ ಕ್ರಿಸ್‌ಮಸ್ ಸಾಮಾನು ಮಾರುವ ಅಂಗಡಿ. ಒಂದು ಅಂಗಡಿಯ ಕಿಟಕಿ ನೋಡಿ, ಹದಿನಾರು ವರ್ಷದಲ್ಲಿ ನಾನು ಇಡೀ ಊರಿಗೆ ಡಿಸೆಂಬರ್ ತಂದಿದ್ದೆ. ಹಿಮವನ್ನೂ ನಾನೇ ಸುರಿದಿದ್ದೆ.

(ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಕಂಡವನ ಮಾತನ್ನೂ ದಾಖಲೆಯೊಂದಿಗೆ ತಾಳೆ ನೋಡಬೇಕು ಎಂದು ಕಲಿತು ಪಾಸಾದವನು. ದೇವರು, ದೆವ್ವ, ಸರ್ಕಾರ ಯಾವುದನ್ನೂ ಪುರಾವೆಯಿಲ್ಲದೆ ನಂಬದವನು. ನನ್ನ ತಲೆಯೊಂದನ್ನು ಬಿಟ್ಟು.)

ಪಾಸ್‌ಪೋರ್ಟ್ ಹಿಡಿದು ಹೊರಗೆ ಬಂದೆ. ಹೇಳದೆ ಇರಬಹುದಿತ್ತು. ಅವನಿಗೆ ಇಂಗ್ಲಿಷ್ ಮುದ್ರೆ ಓದಲು ಬರುವುದಿಲ್ಲ.

"ತಿಪ್ಪೇಸ್ವಾಮಿ, ನಾನು ಹೋಗಿದ್ದು ಚಳಿಗಾಲದಾಗ ಅಲ್ಲಪ್ಪ. ಅದಕ್ಕಿಂತ ಮುಂಚೆ. ಈಗ ಆ ರಸ್ತಿ ಬಂದ್ ಇರ್ತೈತಂತ. ನೆಟ್ ಬಂದಿತ್ತು. ಆಗ್ಲೇ ಓದಿದೆ. ನಿನಗ ಹೇಳಾಕ ಹೆದರಿದೆ."

ಬಯ್ಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕಳೆದ ಕುರಿಯನ್ನು ಹುಡುಕುವಾಗ ದಿಕ್ಕು ನೋಡುವಂತೆ ಎದುರಿನ ಗುಡ್ಡದ ಕಡೆ ನೋಡಿದ. "ಇಲ್ಲೇ ಎಲ್ಲಾದ್ರೂ ಆಗಿದ್ರ ಹೋಗಿ ಹುಡುಕ್ತಿದ್ದೆ," ಎಂದ. "ಈಗ ಯಾವ ಕಡೆ ನಡೀಲಿ ಹೇಳ್ರಿ?"

ಯೂನಿಟ್ಟಿನ ಓನರ್‌ಗೆ ಫೋನ್ ಮಾಡಿದೆವು. ಅವರು ಡೆನ್ವರಿನ ಬೈಯರ್‌ಗೆ ಮಾಡಿದರು. ಹಬ್ಬದ ರಜೆ, ಅವನೂ ಎತ್ತಲಿಲ್ಲ. ಆ ಊರಿನ ಪೊಲೀಸರ ನಂಬರ್ ಹುಡುಕಿ ನಾನೇ ಮಾಡಿದೆ. ಒಬ್ಬ ಹೆಂಗಸು ಸಮಾಧಾನದಿಂದ ಕೇಳಿದಳು: ಕಾರಿನ ಬಣ್ಣ ಯಾವುದು? ನಂಬರ್ ಏನು? ಎಷ್ಟು ಗಂಟೆಗೆ ಹೊರಟರು? ಯಾವುದೂ ನಮಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ಕಳಿಸಿದವನು ಯಾರು ಎಂಬುದು. ಅದನ್ನು ಅವಳು ಕೇಳಲಿಲ್ಲ.

ಒಂಬತ್ತೂವರೆ. ಹತ್ತು. ಹತ್ತೂವರೆ. ನನ್ನ ಹೆಂಡತಿ ಎರಡು ಸಲ ಟೀ ಇಟ್ಟಳು. ಎರಡು ಸಲವೂ ಕೆನೆ ಕಟ್ಟಿತು. ತಿಪ್ಪೇಸ್ವಾಮಿ ಒಂದೇ ಒಂದು ಮಾತು ಕೇಳಿದ: "ಚಳ್ಯಾಗ ಸಾಯೋರಿಗೆ ನೋವಾಗ್ತೈತೇನ್ರಿ?"

"ಹಂಗೆಲ್ಲ ಮಾತಾಡಬ್ಯಾಡ," ಎಂದೆ. ಅದೇ ಪ್ರಶ್ನೆಯನ್ನು ಹತ್ತು ನಿಮಿಷದ ಹಿಂದೆ ನಾನು ಫೋನಿನಲ್ಲಿ ಹುಡುಕಿದ್ದೆ.

ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಅವನ ಮೊಬೈಲ್ ಬಡಿದುಕೊಂಡಿತು. ಗಾಬರಿಯಲ್ಲಿ ಎರಡು ಸಲ ಕಟ್ ಮಾಡಿದ. ಮೂರನೆಯ ಸಲ ನಾನೇ ಒತ್ತಿ, ನನ್ನ ಹೆಸರು ಹೇಳಿ ಸ್ಪೀಕರ್ ಹಾಕಿದೆ.

"ಸಾ, ಗಾಬ್ರಿ ಆಗ್ಬ್ಯಾಡಿ. ಚೆನ್ನಾಗಿದೀವಿ." ಸುಧಾಕರ. "ಎಸ್ಟೆಸ್ ಪಾರ್ಕ್‌ನಾಗೆ ಒಂದು ಲಾಡ್ಜ್‌ನಾಗಿದೀವಿ. ಚಳಿಗೆ ಫೋನು ಸತ್ತೋಗಿತ್ತು. ಮ್ಯಾಪು ನಾಕು ಗಂಟೆ ಸುತ್ತಾಕ್ಕೊಂಡು ಹೋಗು ಅಂತಿತ್ತು ಸಾ. ನಾನು ಬಡ್ಕೊಂಡೆ. ಅಕ್ಕ ಕೇಳಿದ್ರೆ ತಾನೆ?"

ಗಂಗಮ್ಮ ಫೋನ್ ಕಸಿದುಕೊಂಡಳು. "ಏ, ಸುಮ್ನಿರೋ. ಮ್ಯಾಪಿಗೇನು ಗೊತ್ತೈತಿ? ಸಾರ್ ಕಣ್ಣಿಂದ ನೋಡಿ ಬರದಾರ, ಒಂದೂವರಿ ತಾಸು ಅಂತ. ಸಾರ್, ಬೆಟ್ಟದ ಮ್ಯಾಲೆ ಗೇಟ್ ಹಾಕಿದ್ರು. ನಮ್ಮ ರೈಲ್ವೆ ಗೇಟ್ ಇದ್ದಾಂಗ ಐತ್ರಿ. ಹಬ್ಬದ ದಿನ, ಗೇಟಿನಾವ ಊಟಕ್ಕ ಹೋಗಿರ್ಬೇಕು, ಬಂದು ತೆಗೀತಾನ ತಡಿ ಅಂತ ಒಂದು ತಾಸು ಕುಂತ್ವಿ. ಅಷ್ಟೊತ್ತಿಗೆ ಹಿಮ ಸುರದು ಬಿಡ್ತು. ಗಾಡಿ ತಿರುಗಿಸಾಕ ಹೋಗಿ ಚರಂಡಿಗೆ ಜಾರಿದ್ವಿ. ಕತ್ತಲಿ. ಮೂರು ತಾಸು ಒಳಗ ಮುದುರಿಕೊಂಡು ಕೂತಿದ್ವಿ. ಆಮ್ಯಾಲೆ ಜೀಪಿನಾಗ ಕಾವಲಿನಾಕಿ ಒಬ್ಬಾಕಿ ಬಂದು ಗಾಡಿ ಎಳೆಸಿದ್ಲು ನೋಡ್ರಿ, ಪುಣ್ಯಾತ್ಗಿತ್ತಿ. ಭಾಳ ಬೈದ್ಲು. ಏನ್ ಬೈದ್ಲೋ ತಿಳೀಲಿಲ್ಲ."

"ಬೆರಳು ಅಲ್ಲಾಡ್ತಾವೇನೇ?" ತಿಪ್ಪೇಸ್ವಾಮಿಯ ದನಿ ಒಡೆಯಿತು. "ಸೂಜಿ ಹಿಡಿಯಾಕ ಬರ್ತೈತಾ?"

"ಬರ್ತೈತಿ. ಅಳಬ್ಯಾಡ, ಸಾರ್ ಎದ್ರಿಗೆ."

"ನಾ ಎಲ್ಲಿ ಅಳಾಕ ಹತ್ತೀನಿ?" ಎಂದು ಅವನು ಹೆಗಲಿನ ಟವಲ್ ಮುಖಕ್ಕೆ ಒತ್ತಿಕೊಂಡ.

ಗಂಗಮ್ಮ ಮತ್ತೆ ನನ್ನನ್ನು ಕೇಳಿದಳು: "ಸಾರ್, ಇನ್ನೆರಡು ದಿನ ರಜಾ ಐತಿ. ಈಗ ಎಲ್ಲಿಗೆ ಹೋಗ್ಲಿ ಹೇಳ್ರಿ."

"ಎಲ್ಲಿಗೂ ಬ್ಯಾಡಮ್ಮ. ಸುಧಾಕರನ ಮ್ಯಾಪ್ ಕೇಳು," ಎಂದೆ.

"ಅಯ್ಯೋ, ನಿಮ್ಮಷ್ಟು ಅದಕ್ಕ ಗೊತ್ತೈತೇನ್ರಿ?"

ತಪ್ಪು ನನ್ನದು ಎಂದು ಬಿಡಿಸಿ ಹೇಳಿದೆ. ತಿಂಗಳು ತಪ್ಪಾಗಿ ಬರೆದೆ, ಹಿಮ ನಾನು ಕಂಡದ್ದಲ್ಲ ಎಂದೆ. ಅವಳು ನಕ್ಕಳು. ನಂಬಲಿಲ್ಲ. ಗೇಟಿನವನೇ ಬರಬೇಕಿತ್ತು ಎಂಬುದು ಅವಳ ಖಚಿತ ಅಭಿಪ್ರಾಯ. ಆ ಇಡೀ ಬೆಳಗಿನಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಆಗಲೇ.

ತಿಪ್ಪೇಸ್ವಾಮಿ ಎದ್ದ. ಕುರಿ ಇನ್ನೂ ಹಟ್ಟಿಯಲ್ಲೇ ಇದ್ದವು. ಗೇಟಿನ ಬಳಿ ನಿಂತು ಹೇಳಿದ: "ಬರೀರಿ ಸಾರ್, ಬ್ಯಾಡ ಅನ್ನಾಂಗಿಲ್ಲ. ಆದ್ರ ನೋಡಿದ್ದು ಯಾವ ತಿಂಗ್ಳು ಅಂತ ಹಾಕ್ರಿ."

ಹಾಕುತ್ತೇನೆ. ಆದರೆ ಆಗಲೇ ಅಚ್ಚಾದದ್ದನ್ನು ಏನು ಮಾಡಲಿ? ಮೇನ್‌ನ ಯಾವ ದೋಣಿ ಯಾವ ತಿಂಗಳವರೆಗೆ ಓಡುತ್ತದೆ ಎಂದು ಬರೆದಿದ್ದೆ. ವರ್ಮಾಂಟಿನ ಯಾವ ಕಾಡುದಾರಿಯಲ್ಲಿ ಒಬ್ಬರೇ ನಡೆಯಬಹುದು ಎಂದು ಬರೆದಿದ್ದೆ. ಹಳೆಯ ಅಂಕಣಗಳನ್ನು ತೆಗೆದು ಓದುತ್ತಿದ್ದೇನೆ. ಎಲ್ಲವೂ ಸೊಗಸಾಗಿವೆ. ಒಂದರಲ್ಲೂ "ಇರಬಹುದು" ಎಂಬ ಮಾತಿಲ್ಲ.

ಇಷ್ಟು ದಿನ ನನಗೆ ಬಂದದ್ದೆಲ್ಲ ಮೆಚ್ಚುಗೆಯ ಪತ್ರಗಳೇ. ನೀವು ಹೇಳಿದ ಹಾಗೇ ಹೋಗಿ ಬಂದೆವು, ಖುಷಿಯಾಯಿತು ಎಂದು. ಹೌದು, ಹೋಗಿ ಬಂದವರು ಪತ್ರ ಬರೆಯುತ್ತಾರೆ.

ಬರೆಯದವರು ಎಲ್ಲಿದ್ದೀರಿ?